ಹಳೆಯ ಕಾರಿನ ಬಣ್ಣ ಕೆರೆಯುವ ಮುನ್ನ



ನನ್ನ ಹಳೆಯ ವಿದ್ಯಾರ್ಥಿಯೊಬ್ಬ 1960ರ ದಶಕದ ಒಂದು ಫಿಯೆಟ್ ಕಾರನ್ನು ಕೊಂಡು ಅದರ ಜೀರ್ಣೋದ್ಧಾರಕ್ಕೆ ತೊಡಗಿದ್ದಾನೆ. "ಸಾರ್, ಮೇಲಿನ ಹಳೇ ಬಣ್ಣವನ್ನೆಲ್ಲ ತಗಡು ಕಾಣುವವರೆಗೂ ಕೆರೆಸಿ, ಹೊಸದಾಗಿ ಬಣ್ಣ ಹೊಡೆಸಬೇಕೆಂದಿದ್ದೇನೆ. ತಾವೇನು ಹೇಳುತ್ತೀರಿ?" ಎಂದು ಕೇಳಿ ಬರೆದಿದ್ದಾನೆ. ಇತಿಹಾಸದ ಮೇಷ್ಟರನ್ನು ಕೇಳುವ ಪ್ರಶ್ನೆಯೇ ಇದು ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಆದರೆ ಪ್ರಶ್ನೆ ಸರಿಯಾದ ಮನೆಯ ಬಾಗಿಲನ್ನೇ ತಟ್ಟಿದೆ ಎಂಬುದು ನನ್ನ ಅಭಿಪ್ರಾಯ. ಆತನಿಗೆ ಬರೆದ ಉತ್ತರ ಉದ್ದವಾದುದರಿಂದ ಅದನ್ನೇ ಸ್ವಲ್ಪ ತಿದ್ದಿ ಇಲ್ಲಿ ಎಲ್ಲರಿಗಾಗಿ ಹಾಕುತ್ತಿದ್ದೇನೆ.

ನಮ್ಮ ಕಡೆಯ ಹಳೆಯ ದೇವಾಲಯಗಳನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತು. ತಲೆಮಾರುಗಳ ಕಾಲ ಭಕ್ತಿಯಿಂದ ಬಳಿದ ಸುಣ್ಣದ ಅಡಿಯಲ್ಲಿ ಕಂಬದ ಕೆತ್ತನೆ ಅಡಗಿರುತ್ತದೆ. ಸುಣ್ಣವನ್ನು ತೆಗೆದರೆ ಶಿಲ್ಪ ಕಾಣುತ್ತದೆ, ನಿಜ. ಆದರೆ ಒರಟಾಗಿ ತೆಗೆದರೆ ಶಿಲ್ಪದ ಮೂಗು ತುಟಿಗಳೂ ಸುಣ್ಣದ ಜೊತೆಗೇ ಹೋಗುತ್ತವೆ. ಹಳೆಯ ಕಾರಿನ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಅಲ್ಲಿ ಅಡಿಯ ತಗಡಿನಂತೆ ಮೇಲಿನ ಪದರಗಳೂ ಚರಿತ್ರೆಯೇ. ಕಾರ್ಖಾನೆಯಲ್ಲಿ ಯಾವ ಬಣ್ಣ ಪಡೆದಿತ್ತು, ಯಾವಾಗ ಕೈ ಬದಲಾಯಿತು, ಎಲ್ಲಿ ಗುದ್ದಿಸಿಕೊಂಡಿತು, ಮದುವೆಯ ಮೆರವಣಿಗೆಗೆಂದು ಬಿಳಿಯಾಯಿತೇ, ಟ್ಯಾಕ್ಸಿಯಾಗಿ ಕಪ್ಪು ಹಳದಿಯಾಯಿತೇ, ಇವೆಲ್ಲವೂ ಆ ಪದರಗಳಲ್ಲಿ ಒಂದರ ಮೇಲೊಂದು ಕುಳಿತಿರುತ್ತವೆ. ನೋಂದಣಿ ಪುಸ್ತಕದ ಬಣ್ಣದ ಕಾಲಂನಲ್ಲಿ ಯಾರೋ ಗುಮಾಸ್ತರು ಬರೆದ ಒಂದು ಪದಕ್ಕಿಂತ ಈ ಸಾಕ್ಷ್ಯ ಹೆಚ್ಚು ಪ್ರಾಮಾಣಿಕ. ಕೆರೆಯುವವನು ಈ ದಾಖಲೆಯನ್ನು ಓದುತ್ತಲೇ ಸುಟ್ಟುಹಾಕುತ್ತಾನೆ. ಒಮ್ಮೆ ಕೆರೆದ ಮೇಲೆ ಎರಡನೆಯ ಓದು ಇಲ್ಲ.

ಈ ಪದರಗಳನ್ನು ಅರ್ಥಮಾಡಿಕೊಳ್ಳಲು ಕಾರಿನ ಬಣ್ಣದ ಚರಿತ್ರೆ ಸ್ವಲ್ಪ ತಿಳಿದಿರಬೇಕು. ಮೋಟಾರು ಹುಟ್ಟಿದಾಗ ಅದಕ್ಕೆ ತನ್ನದೇ ಆದ ಬಣ್ಣವಿರಲಿಲ್ಲ. ಕುದುರೆ ಸಾರೋಟುಗಳಿಗೆ ಬಳಿಯುತ್ತಿದ್ದ ಬಣ್ಣವನ್ನೇ ಅದಕ್ಕೂ ಬಳಿದರು. ಅಗಸೆ ಎಣ್ಣೆ, ಸೀಸದ ಬಿಳುಪು, ಮರದ ರಾಳದಿಂದ ಮಾಡಿದ ವಾರ್ನಿಷ್, ಇವೇ ಸಾಮಗ್ರಿ. ಕುಂಚದಿಂದ ಒಂದು ಪದರ ಬಳಿಯುವುದು, ದಿನಗಟ್ಟಲೆ ಒಣಗಲು ಬಿಡುವುದು, ಜ್ವಾಲಾಮುಖಿಯ ಹಗುರ ಕಲ್ಲಾದ ಪ್ಯೂಮಿಸ್‌ನಿಂದ ನೀರು ಹಾಕಿ ಉಜ್ಜುವುದು, ಮತ್ತೆ ಬಳಿಯುವುದು. ಹೀಗೆ ಹತ್ತು ಹದಿನೈದು ಸುತ್ತು ನಡೆದು ಒಂದು ಕಾರು ಸಿದ್ಧವಾಗಲು ವಾರಗಳೇ ಹಿಡಿಯುತ್ತಿದ್ದವು. ಧೂಳು ಬೀಳಬಾರದೆಂದು ಮುಚ್ಚಿದ ದೊಡ್ಡ ದೊಡ್ಡ ಕೊಠಡಿಗಳಲ್ಲಿ ಒಣಗುತ್ತ ನಿಂತ ಕಾರುಗಳ ಸಾಲೇ ಇರುತ್ತಿತ್ತು. ಇಷ್ಟೆಲ್ಲ ಮಾಡಿದರೂ ಆ ವಾರ್ನಿಷ್ ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಬಿರುಕು ಬಿಡುತ್ತಿತ್ತು. ಆದ್ದರಿಂದ ಬಣ್ಣ ತೆಗೆದು ಮತ್ತೆ ಬಳಿಯುವ ಕೆಲಸ ಕಾರಿನಷ್ಟೇ ಹಳೆಯದು. ಅದು ಇಂದಿನ ಹವ್ಯಾಸಿಗಳು ಕಂಡುಹಿಡಿದದ್ದೇನಲ್ಲ.

ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು ಎಂಬುದನ್ನು ನೀವು ಕೇಳಿರುತ್ತೀರಿ. 1908ರಲ್ಲಿ ಬಂದ ಮೊದಲ ಕಾರುಗಳು ಕಪ್ಪಾಗಿರಲಿಲ್ಲ, ಬೇರೆ ಬಣ್ಣಗಳಲ್ಲಿದ್ದವು ಎಂಬುದನ್ನು ಮಾತ್ರ ಹೆಚ್ಚಿನವರು ಹೇಳುವುದಿಲ್ಲ. ಡಾಂಬರಿನ ಜಾತಿಯ ವಸ್ತುವನ್ನು ಎಣ್ಣೆಯೊಡನೆ ಬೆರೆಸಿ, ತಗಡಿಗೆ ಹಚ್ಚಿ, ಒಲೆಯಲ್ಲಿ ಬೇಯಿಸಿದರೆ ಬರುವ ಕಪ್ಪು ಅಗ್ಗ, ಮತ್ತು ಬಾಳಿಕೆಯದು. ಜೋಡಣೆಯ ಸಾಲು ಓಡುವ ಕಾರ್ಖಾನೆಗೆ ಬೇಕಾದದ್ದು ಅದೇ.

ನಿಜವಾದ ಕ್ರಾಂತಿಯಾದದ್ದು 1923ರಲ್ಲಿ. ಅಮೆರಿಕದ ಡುಪಾಂಟ್ ಸಂಸ್ಥೆ 1802ರಲ್ಲಿ ಹುಟ್ಟಿದ್ದು ಮದ್ದುಗುಂಡಿನ ಪುಡಿ ತಯಾರಿಸಲು. ಮೊದಲನೆಯ ಮಹಾಯುದ್ಧ ಮುಗಿದಾಗ ಅದರ ಬಳಿ ನೈಟ್ರೋಸೆಲ್ಯುಲೋಸ್ ತಯಾರಿಸುವ ಅಪಾರ ಸಾಮರ್ಥ್ಯ ಉಳಿಯಿತು, ಕೊಳ್ಳುವ ಸೈನ್ಯಗಳು ಉಳಿಯಲಿಲ್ಲ. ಹತ್ತಿಯ ನಾರನ್ನು ಆಮ್ಲಗಳಲ್ಲಿ ಸಂಸ್ಕರಿಸಿದರೆ ಸಿಗುವ ಈ ವಸ್ತು ಒಂದು ಹದದಲ್ಲಿ ಸ್ಫೋಟಕ, ಇನ್ನೊಂದು ಹದದಲ್ಲಿ ಸಿನಿಮಾ ರೀಲು. ರೀಲಿನ ಸಂಶೋಧನೆ ನಡೆಸುತ್ತಿದ್ದಾಗಲೇ ಮೂರನೆಯ ಹದವೊಂದು ಕೈಗೆ ಸಿಕ್ಕಿತು: ತೆಳುವಾಗಿ ಹರಿದರೂ ದಪ್ಪನಾದ ಪದರ ಬಿಟ್ಟು ಬೇಗನೆ ಒಣಗುವ ದ್ರವ. ಅದಕ್ಕೆ ಬಣ್ಣ ಬೆರೆಸಿ 'ಡ್ಯೂಕೋ' ಎಂದು ಹೆಸರಿಟ್ಟರು. ಜನರಲ್ ಮೋಟಾರ್ಸ್ ಸಂಸ್ಥೆಯು 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳಿಗೆ ಇದನ್ನು ಸಿಂಪಡಿಸಿ ನೀಲಿ ಕಾರುಗಳನ್ನು ಮಾರುಕಟ್ಟೆಗೆ ತಂದಿತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಕುಂಚದ ಕುಶಲಕರ್ಮಿಯ ಜಾಗಕ್ಕೆ ಸ್ಪ್ರೇ ಗನ್ ಹಿಡಿದವನು ಬಂದ. ಬಣ್ಣಬಣ್ಣದ ಕಾರುಗಳು ಸಾಮಾನ್ಯರಿಗೂ ಎಟುಕತೊಡಗಿದವು. 1927ರಲ್ಲಿ ಜನರಲ್ ಮೋಟಾರ್ಸ್ ಕಲೆ ಮತ್ತು ಬಣ್ಣಕ್ಕೆಂದೇ ಒಂದು ವಿಭಾಗ ತೆರೆದು ಹಾರ್ಲಿ ಅರ್ಲ್ ಎಂಬಾತನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿತು. ಅದೇ ವರ್ಷ ಮಾಡೆಲ್ ಟಿ ಕಾರಿನ ತಯಾರಿಕೆ ನಿಂತಿತು. ಎರಡು ಘಟನೆಗಳಿಗೂ ಬಣ್ಣವೊಂದೇ ಕಾರಣವಲ್ಲ. ಆದರೆ ಬಣ್ಣವನ್ನು ಬಿಟ್ಟು ಈ ಕಥೆ ಹೇಳಲಾಗದು.

ಡ್ಯೂಕೋ ಎಂಬ ಪದ ನಿಮಗೆ ಹೊಸದಲ್ಲ. ನಮ್ಮ ಬಡಗಿಗಳು ಇಂದಿಗೂ ಮಂಚ, ಬೀರುಗಳಿಗೆ "ಡ್ಯೂಕೋ ಹೊಡೆಸಿ" ಎನ್ನುತ್ತಾರೆ. ಅಮೆರಿಕದ ಒಂದು ಕಾರ್ಖಾನೆ ಇಟ್ಟ ಹೆಸರು ನಮ್ಮ ಬೀದಿಗಳಲ್ಲಿ ಸಿಂಪಡಿಸುವ ಬಣ್ಣಕ್ಕೆಲ್ಲ ಸಾಮಾನ್ಯ ನಾಮವಾಗಿ ನಿಂತಿದೆ. ಇನ್ನೊಂದು ಪದದ ಪ್ರಯಾಣವೂ ಸ್ವಾರಸ್ಯಕರ. ಈ ಜಾತಿಯ ಬಣ್ಣವನ್ನು ಇಂಗ್ಲಿಷಿನಲ್ಲಿ ಲ್ಯಾಕರ್ ಎನ್ನುತ್ತಾರಷ್ಟೆ. ಅದರ ಮೂಲ ನಮ್ಮ ಸಂಸ್ಕೃತದ 'ಲಾಕ್ಷಾ', ಅಂದರೆ ಅರಗು. ಪಾಂಡವರನ್ನು ಸುಡಲು ದುರ್ಯೋಧನ ಕಟ್ಟಿಸಿದ್ದು ಅದೇ ಅರಗಿನ ಮನೆ. ಚನ್ನಪಟ್ಟಣದ ಗೊಂಬೆಗಳ ಹೊಳಪಿಗೆ ಕಾರಣವಾದದ್ದೂ ಅದೇ ಅರಗು. ಮೈಸೂರಿನಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದ, ಮುಂದೆ ಚುನಾವಣೆಯ ಶಾಯಿಯಿಂದ ದೇಶಕ್ಕೆಲ್ಲ ಪರಿಚಿತವಾದ ಕಾರ್ಖಾನೆಯ ಮೂಲ ಹೆಸರಿನಲ್ಲೂ 'ಲ್ಯಾಕ್' ಇತ್ತು. ಡ್ಯೂಕೋದಲ್ಲಿ ನಮ್ಮ ಅರಗಿನ ಕೀಟದ ಪಾತ್ರವೇನೂ ಇಲ್ಲ, ಹೆಸರು ಮಾತ್ರ ಹಡಗು ಹತ್ತಿ ಹೋಯಿತು.

1930ರ ದಶಕದಿಂದ ಎನಾಮೆಲ್ ಬಣ್ಣಗಳು ಬಂದವು. 1950ರ ದಶಕದ ಕೊನೆಗೆ ಅಕ್ರಿಲಿಕ್. ಆಮೇಲೆ ಎರಡು ಡಬ್ಬಿಗಳಿಂದ ಬೆರೆಸುವ, ಗಟ್ಟಿಯಾದರೆ ಕಲ್ಲಿನಂತಾಗುವ ಯುರೆಥೇನ್. ಇಲ್ಲಿ ರಸಾಯನಶಾಸ್ತ್ರದ ಒಂದು ಸಣ್ಣ ವಿಷಯ ಗಮನಿಸಬೇಕು. ಡ್ಯೂಕೋ ಮಾದರಿಯ ಲ್ಯಾಕರ್ ಒಣಗುವುದೆಂದರೆ ಅದರ ದ್ರಾವಕ ಆವಿಯಾಗುವುದು ಮಾತ್ರ. ಅರವತ್ತು ವರ್ಷದ ಬಳಿಕವೂ ಥಿನ್ನರ್ ತಗುಲಿಸಿದರೆ ಮತ್ತೆ ಕರಗುತ್ತದೆ. ಎನಾಮೆಲ್ ಹಾಗಲ್ಲ, ಗಾಳಿಯ ಆಮ್ಲಜನಕದೊಡನೆ ಅಥವಾ ಒಲೆಯ ಶಾಖದಲ್ಲಿ ಕೂಡಿಕೊಂಡು ಬೇರೆಯೇ ವಸ್ತುವಾಗುತ್ತದೆ, ಬೆಲ್ಲದ ಪಾಕ ಗಟ್ಟಿಯಾಗುವುದಕ್ಕೂ ಇಟ್ಟಿಗೆ ಬೇಯುವುದಕ್ಕೂ ಇರುವ ವ್ಯತ್ಯಾಸದಂತೆ. ಆದ್ದರಿಂದ ಬಿಳಿಯ ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಡಿಕ್ಕಿಯ ಒಳಅಂಚಿನಲ್ಲಿ ಉಜ್ಜಿ ನೋಡಿದರೆ, ಬಣ್ಣ ಧಾರಾಳವಾಗಿ ಬಟ್ಟೆಗೆ ಬಂತೆಂದರೆ ಲ್ಯಾಕರ್, ಬರದಿದ್ದರೆ ಬೇರೆ ಜಾತಿಯದು ಎಂದು ಸ್ಥೂಲವಾಗಿ ಹೇಳಬಹುದು.

ಇದಕ್ಕಿಂತ ಸುಂದರವಾದ ಪರೀಕ್ಷೆ ಇನ್ನೊಂದಿದೆ. ಹಳೆಯ ಕಟ್ಟಡಗಳ ಬಣ್ಣವನ್ನು ಅಧ್ಯಯನ ಮಾಡುವವರು ಬಳಸುವ ಕ್ರಮ ಇದು. ಕಣ್ಣಿಗೆ ಬೀಳದ ಒಂದು ಕಡೆ ಎಂಟಾಣೆ ನಾಣ್ಯದಷ್ಟು ಜಾಗವನ್ನು ನಯವಾದ ಉಪ್ಪುಕಾಗದದಿಂದ ನೀರು ಹಾಕಿ, ನಡುವೆ ತಗಡು ಕಾಣುವಂತೆ, ಸುತ್ತ ಇಳಿಜಾರಾಗುವಂತೆ ಉಜ್ಜಬೇಕು. ಆಗ ಪದರಗಳೆಲ್ಲ ಒಂದರ ಸುತ್ತ ಒಂದು ಬಳೆಯಂತೆ ತೋರುತ್ತವೆ, ಕಡಿದ ಮರದ ಬುಡದ ಉಂಗುರಗಳ ಹಾಗೆ. ಒಳಗಿನ ಬಳೆ ಕಾರ್ಖಾನೆಯ ಪ್ರೈಮರ್, ಅದರಾಚೆ ಮೂಲ ಬಣ್ಣ, ಅದರಾಚೆ ಒಬ್ಬೊಬ್ಬ ಮಾಲೀಕನ ಅಭಿರುಚಿ ಅಥವಾ ಅಪಘಾತ. ಒಂದು ಬಾಗಿಲಿನಲ್ಲಿ ಐದು ಬಳೆಗಳಿದ್ದು ಪಕ್ಕದ ಮಡ್‌ಗಾರ್ಡಿನಲ್ಲಿ ಎರಡೇ ಇದ್ದರೆ ಆ ಮಡ್‌ಗಾರ್ಡ್ ನಡುವೆ ಬದಲಾದದ್ದು ಎಂದು ಊಹಿಸಬಹುದು. ಶಾಸನದ ಲಿಪಿ ನೋಡಿ ಕಾಲ ನಿರ್ಣಯಿಸುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಇನ್ನು ಕೆರೆಯುವ ವಿಧಾನಗಳ ಮಾತು. ಈ ಚರಿತ್ರೆಯಲ್ಲಿ ನನಗೆ ಹೆಚ್ಚು ಕಾಡುವುದು ಕಾರಲ್ಲ, ಕೆರೆದವನ ಶ್ವಾಸಕೋಶ.

ಹಳೆಯ ಕಾಲದಲ್ಲಿ ಬ್ಲೋ ಲ್ಯಾಂಪಿನ ಬೆಂಕಿಯಿಂದ ಬಣ್ಣ ಉಬ್ಬಿಸಿ ಚಪ್ಪಟೆ ಉಳಿಯಿಂದ ಕೆರೆಯುತ್ತಿದ್ದರು. ದಪ್ಪ ಮರದ ಬಾಗಿಲಿಗೆ ಇದು ಸರಿ. ಕಾರಿನ ತಗಡು ಒಂದು ಮಿಲಿಮೀಟರಿಗಿಂತ ತೆಳು. ಕಾವಿಗೆ ಹಿಗ್ಗಿ, ಸುಕ್ಕುಗಟ್ಟಿ, ಮತ್ತೆ ಮೊದಲಿನ ರೂಪಕ್ಕೆ ಬರುವುದಿಲ್ಲ. ಹಳೆಯ ಕಾರುಗಳಲ್ಲಿ ತಗಡಿನ ಜೋಡಣೆಗಳನ್ನು ಸೀಸ ಮತ್ತು ತವರದ ಬೆಸುಗೆಯಿಂದ ತುಂಬಿ ನಯಗೊಳಿಸುತ್ತಿದ್ದರು. ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆದುವಾಗತೊಡಗುತ್ತದೆ. ಬಣ್ಣ ಬಿಡಿಸಲು ಹೋದವನ ಕಣ್ಣೆದುರಿಗೇ ಕಾರಿನ ಆಕಾರ ಹನಿಹನಿಯಾಗಿ ಕೆಳಗಿಳಿದರೆ ಆಶ್ಚರ್ಯವಿಲ್ಲ. ಜೊತೆಗೆ ಸೀಸದ ಹೊಗೆ. ಬಣ್ಣದಲ್ಲೂ ಸೀಸವಿತ್ತು: ಕೆಂಪು ಪ್ರೈಮರಿನಲ್ಲಿ ಸೀಸದ ಸಿಂಧೂರ, ಹಳದಿಯಲ್ಲಿ ಸೀಸದ ಕ್ರೋಮೇಟ್. ಒಣಗಿದ ಬಣ್ಣವನ್ನು ಹಾಗೆಯೇ ಉಜ್ಜಿದರೆ ಏಳುವ ಧೂಳು ಕೈಯಿಂದ ಊಟದ ಡಬ್ಬಿಗೂ, ಬಟ್ಟೆಯಿಂದ ಮನೆಯ ಮಗುವಿಗೂ ತಲುಪುತ್ತದೆ. ಗ್ಯಾರೇಜುಗಳಲ್ಲಿ ನೀರು ಹಾಕಿ ಉಜ್ಜುವ ಪದ್ಧತಿ ಹೊಳಪಿಗಾಗಿ ಬಂದದ್ದಾದರೂ ಪ್ರಾಣಕ್ಕೂ ಒಳ್ಳೆಯದೇ ಆಯಿತು.

ಕಾಸ್ಟಿಕ್ ಸೋಡಾ ಇನ್ನೊಂದು ಹಳೆಯ ಉಪಾಯ. ಕಬ್ಬಿಣದ ಬಿಡಿಭಾಗಗಳನ್ನು ಬಿಸಿ ದ್ರಾವಣದ ತೊಟ್ಟಿಯಲ್ಲಿ ಅದ್ದಿದರೆ ಎಣ್ಣೆಬಣ್ಣ ಸಾಬೂನಾಗಿ ಕಳಚುತ್ತದೆ. ಆದರೆ ಅಲ್ಯೂಮಿನಿಯಂ ತಗಡನ್ನು ಅದರಲ್ಲಿ ಇಳಿಸಿದರೆ ಬಣ್ಣದ ಜೊತೆಗೆ ತಗಡೂ ಕರಗುತ್ತದೆ, ಬೆಂಕಿ ಹತ್ತಬಲ್ಲ ಹೈಡ್ರೋಜನ್ ಅನಿಲವೂ ಏಳುತ್ತದೆ. ಇಂಗ್ಲೆಂಡಿನ ಎಷ್ಟೋ ದುಬಾರಿ ಕಾರುಗಳ ಮೈ ಅಲ್ಯೂಮಿನಿಯಂ, ಒಳಗಿನ ಚೌಕಟ್ಟು ಮರ. ಎರಡಕ್ಕೂ ಆ ತೊಟ್ಟಿ ಶತ್ರು.

ಮರಳಿನ ಏಟು ಮೂರನೆಯದು. ಬೆಂಜಮಿನ್ ಟಿಲ್ಗ್‌ಮನ್ ಎಂಬ ಅಮೆರಿಕದ ಸಂಶೋಧಕ 1870ರಲ್ಲಿ ಮರಳನ್ನು ವೇಗವಾಗಿ ಊದಿ ಕೆತ್ತುವ, ಸ್ವಚ್ಛಗೊಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಕಾರಿನ ಚಾಸಿಗೆ ಇದು ವರವಾಯಿತು. ಬಾನೆಟ್ಟಿನಂಥ ಅಗಲವಾದ ತೆಳುತಗಡಿಗೆ ಮಾತ್ರ ಇದು ಸುತ್ತಿಗೆಯ ಏಟೇ. ಲಕ್ಷಾಂತರ ಕಣಗಳು ಬಡಿದು ಮೇಲ್ಮೈ ಹಿಗ್ಗಿ ತಗಡು ಅಲೆಯಲೆಯಾಗುತ್ತದೆ. ಮರಳು ಊದಿದವನಿಗೆ ಬಂದದ್ದು ಸಿಲಿಕೋಸಿಸ್. ಒಡೆದ ಸಿಲಿಕಾದ ಸೂಕ್ಷ್ಮ ಕಣ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿ ಗಾಯದ ಗುರುತು ಬೆಳೆಯುತ್ತಲೇ ಹೋಗುತ್ತದೆ. ಅದನ್ನು ಹಿಂದಿರುಗಿಸುವ ಔಷಧಿಯಿಲ್ಲ. ಬ್ರಿಟನ್ ಎರಕದ ವಸ್ತುಗಳನ್ನು ಸ್ವಚ್ಛಗೊಳಿಸಲು ಮರಳು ಊದುವುದನ್ನು 1949ರ ನಿಯಮದಿಂದ ನಿಷೇಧಿಸಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲಿ ಸಿಲಿಕೋಸಿಸ್ ಮತ್ತು ಸೀಸದ ವಿಷಬಾಧೆ ಎರಡೂ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿದ್ದವು. ರಸ್ತೆಬದಿಯ ಶೆಡ್ಡಿನಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೆಲಸ ಮಾಡುವ ಹುಡುಗ ಯಾವ ಪಟ್ಟಿಗೆ ಸೇರುತ್ತಾನೆ ಎಂಬುದು ಬೇರೆ ಪ್ರಶ್ನೆ.

ನಾಲ್ಕನೆಯದು ಎಲ್ಲಕ್ಕಿಂತ ಮೋಹಕ, ಎಲ್ಲಕ್ಕಿಂತ ಕಪಟಿ. ಡೈಕ್ಲೋರೋಮೀಥೇನ್ ಎಂಬ ದ್ರವ; ಅದನ್ನು ಮಿಥಿಲೀನ್ ಕ್ಲೋರೈಡ್ ಎಂದೂ ಕರೆಯುತ್ತಾರೆ. ಇದನ್ನು ಆಧಾರವಾಗಿಟ್ಟ ಪೇಂಟ್ ರಿಮೂವರನ್ನು ಹಚ್ಚಿ ಹದಿನೈದು ನಿಮಿಷ ಕಾದರೆ, ಯಾವ ಬಣ್ಣವಾದರೂ ಹಪ್ಪಳದಂತೆ ಉಬ್ಬಿ ಏಳುತ್ತದೆ. ತಗಡಿಗೆ ಕಾವಿಲ್ಲ, ಏಟಿಲ್ಲ, ಧೂಳಿಲ್ಲ. ಆದರೆ ಇದು 40 ಡಿಗ್ರಿಯಲ್ಲೇ ಕುದಿಯುವ ದ್ರವ. ನಮ್ಮ ರಾಯಚೂರಿನ ಬೇಸಿಗೆಯ ಮಧ್ಯಾಹ್ನ ಅದಕ್ಕೆ ಒಲೆಯೇ ಬೇಡ. ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರವಾದ್ದರಿಂದ ತಗ್ಗಿನಲ್ಲಿ, ಮುಚ್ಚಿದ ಕೋಣೆಯಲ್ಲಿ ನಿಂತುಬಿಡುತ್ತದೆ. ಉಸಿರಿಗೆ ಹೋದದ್ದು ದೇಹದೊಳಗೆ ಕಾರ್ಬನ್ ಮೊನಾಕ್ಸೈಡಾಗಿ ಪರಿವರ್ತನೆಯಾಗುತ್ತದೆಂಬುದು 1972ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಒಲೆ ಹಚ್ಚಿಟ್ಟು ಮಲಗಿದವರನ್ನು ಕೊಲ್ಲುವ ಅದೇ ಅನಿಲ. ಅಮೆರಿಕದಲ್ಲಿ 2000ದಿಂದ 2011ರ ನಡುವೆ ಸ್ನಾನದ ತೊಟ್ಟಿಗಳ ಲೇಪ ಕೆರೆಯುತ್ತಿದ್ದ 13 ಜನ ಕೆಲಸಗಾರರು ಇದರಿಂದ ಸತ್ತದ್ದು ದಾಖಲಾಗಿದೆ. ಐರೋಪ್ಯ ಒಕ್ಕೂಟ ಮನೆಬಳಕೆಯ ರಿಮೂವರುಗಳಲ್ಲಿ ಇದನ್ನು 2012ರ ಹೊತ್ತಿಗೆ ನಿಲ್ಲಿಸಿತು. ಅಮೆರಿಕ 2019ರಲ್ಲಿ ಸಾರ್ವಜನಿಕ ಮಾರಾಟವನ್ನೂ, 2024ರ ನಿಯಮದಿಂದ ಉಳಿದ ಬಹುತೇಕ ಬಳಕೆಗಳನ್ನೂ ತಡೆಯಿತು. ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಈ ಕೆಲಸ ಮಾಡಕೂಡದು ಎಂಬ ಒಂದು ಮಾತನ್ನಾದರೂ, ಇದನ್ನು ಓದುವ ಯಾರೂ ಮರೆಯಬಾರದು.

ಇತ್ತೀಚಿನ ಉಪಾಯಗಳು ಮೃದು. ಅಮೆರಿಕದ ವಾಯುಸೇನೆ 1980ರ ದಶಕದಲ್ಲಿ ವಿಮಾನಗಳ ಬಣ್ಣ ತೆಗೆಯಲು ಪ್ಲಾಸ್ಟಿಕ್ ಕಣಗಳನ್ನು ಊದುವ ಕ್ರಮವನ್ನು ಬೆಳೆಸಿತು. ಕಣ ಬಣ್ಣಕ್ಕಿಂತ ಗಟ್ಟಿ, ಲೋಹಕ್ಕಿಂತ ಮೆದು. ಅದೇ ದಶಕದಲ್ಲಿ ನ್ಯೂಯಾರ್ಕಿನ ಸ್ವಾತಂತ್ರ್ಯ ದೇವತೆಯ ಪ್ರತಿಮೆಯ ದುರಸ್ತಿ ನಡೆದಾಗ ಒಳಮೈಯ ಬಣ್ಣದ ಪದರಗಳನ್ನು ದ್ರವ ಸಾರಜನಕದ ಶೀತದಿಂದ ಬಿರಿಯುವಂತೆ ಮಾಡಿ ಕಳಚಿದರು. ಅಡಿಯ ಡಾಂಬರಿಗೆ ಮಾತ್ರ ಬೇರೆ ಔಷಧ ಬೇಕಾಯಿತು: ನಮ್ಮ ಅಡುಗೆಮನೆಯ ಸೋಡಾಪುಡಿ. ತಾಮ್ರದ ಮೈಗೆ ಗೀರು ಬೀಳದಂತೆ ಅದನ್ನು ಊದಿ ಡಾಂಬರನ್ನು ತೆಗೆದರು. ಆ ಸೋಡಾ ಈಗ ಕಾರುಗಳಿಗೂ ಬಂದಿದೆ. ಒಂದೇ ತೊಂದರೆಯೆಂದರೆ, ಸಂದಿಗಳಲ್ಲಿ ಉಳಿದ ಪುಡಿಯನ್ನು ಪೂರ್ತಿ ತೊಳೆಯದಿದ್ದರೆ ಮೇಲಿನ ಹೊಸ ಬಣ್ಣ ಹಿಡಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಬಣ್ಣ ಕೆರೆದ ಕಥೆಗಳಲ್ಲೆಲ್ಲ ಜಗತ್ಪ್ರಸಿದ್ಧವಾದ ಒಂದನ್ನು ಹೇಳದೆ ಬಿಡಲಾಗದು. 1934ರ ಜೂನ್ 3ರಂದು ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಎಂಬಲ್ಲಿ ಐಫೆಲ್ ಓಟ. ಆ ವರ್ಷದಿಂದ ಗ್ರಾಂಡ್ ಪ್ರಿ ಕಾರುಗಳ ತೂಕ 750 ಕೆ.ಜಿ. ಮೀರಬಾರದೆಂಬ ಹೊಸ ನಿಯಮ ಜಾರಿಗೆ ಬಂದಿತ್ತು. ಓಟಕ್ಕೆ ಮುನ್ನ ಮರ್ಸಿಡೀಸ್ ಕಂಪನಿಯ ಹೊಸ ಡಬ್ಲ್ಯೂ 25 ಕಾರನ್ನು ತೂಗಿದಾಗ 751 ಕೆ.ಜಿ. ಬಂತಂತೆ. ತೆಗೆದುಹಾಕಲು ಏನೂ ಉಳಿದಿರಲಿಲ್ಲ. ತಂಡದ ವ್ಯವಸ್ಥಾಪಕ ಆಲ್ಫ್ರೆಡ್ ನೊಯ್ಬಾವರ್ ಮತ್ತು ಚಾಲಕ ಮಾನ್‌ಫ್ರೆಡ್ ಫಾನ್ ಬ್ರೌಖಿಚ್ ಚಿಂತೆಗೆ ಬಿದ್ದರು. ಜರ್ಮನ್ ಆಡುಮಾತಿನಲ್ಲಿ 'ಬಣ್ಣ ಬಳಿಸಿಕೊಂಡವನು' ಎಂದರೆ ಮೋಸಹೋದವನು, ನಮ್ಮಲ್ಲಿ 'ನಾಮ ಹಾಕಿಸಿಕೊಂಡವನು' ಎನ್ನುವ ಹಾಗೆ. ಆ ಅರ್ಥದ ಮಾತೊಂದು ಬಾಯಿಗೆ ಬಂದಾಗಲೇ ಬಣ್ಣದ ನೆನಪಾಯಿತಂತೆ. ರಾತ್ರಿಯಿಡೀ ಮೆಕ್ಯಾನಿಕ್‌ಗಳು ಕೂತು ಜರ್ಮನಿಯ ರಾಷ್ಟ್ರೀಯ ಬಣ್ಣವಾದ ಬಿಳಿಯನ್ನು ಕೆರೆದು ತೆಗೆದರು. ಬೆಳಿಗ್ಗೆ ಬರಿಯ ಅಲ್ಯೂಮಿನಿಯಂ ಹೊಳೆಯಿತು, ತೂಕ 750ಕ್ಕೆ ಸರಿಯಾಯಿತು, ಬ್ರೌಖಿಚ್ ಗೆದ್ದ, 'ಬೆಳ್ಳಿ ಬಾಣಗಳು' ಎಂಬ ಹೆಸರು ಹುಟ್ಟಿತು.

ಎಂಥ ಸೊಗಸಾದ ಕಥೆ! ಕೇಳಿದವರು ಯಾರೂ ಮರೆಯುವುದಿಲ್ಲ. ಸಂಶಯ ಹುಟ್ಟಬೇಕಾದದ್ದೂ ಅಲ್ಲಿಯೇ.

ಸಾಕ್ಷ್ಯಗಳನ್ನು ಒಂದೊಂದಾಗಿ ನೋಡೋಣ. ಓಟ ನಡೆದದ್ದು ನಿಜ, ಬ್ರೌಖಿಚ್ ಗೆದ್ದದ್ದೂ ನಿಜ. ಆದರೆ ಆ ದಿನದ ಓಟ ನಡೆದದ್ದು ಮುಕ್ತ ನಿಯಮದಡಿಯಲ್ಲಿ; ಹೊಸ ನಿಯಮಕ್ಕೆ ಹೊಂದುವ ಕಾರುಗಳು ಸಾಕಷ್ಟು ಬರಲಾರವೆಂಬ ಅಳುಕಿನಿಂದ ವ್ಯವಸ್ಥಾಪಕರು ತೂಕದ ಮಿತಿಯನ್ನೇ ಇಟ್ಟಿರಲಿಲ್ಲ. ಮಿತಿಯಿಲ್ಲದ ಓಟದಲ್ಲಿ ಒಂದು ಕೆ.ಜಿ.ಗಾಗಿ ರಾತ್ರಿ ನಿದ್ದೆಗೆಡುವುದೇಕೆ? ಇನ್ನು ಬೆಳ್ಳಿಯ ಬಣ್ಣ. ಪ್ರತಿಸ್ಪರ್ಧಿಯಾದ ಆಟೋ ಯೂನಿಯನ್ ಕಂಪನಿಯ ಕಾರುಗಳು ಅದಕ್ಕೆ ಒಂದು ವಾರ ಮೊದಲೇ ಬರ್ಲಿನ್ನಿನ ಆವುಸ್ ಪಥದಲ್ಲಿ ಬೆಳ್ಳಿಯ ಬಣ್ಣದಲ್ಲಿಯೇ ಓಡಿದ್ದವು. ಹೆಸರೂ ಹೊಸದಲ್ಲ. 1932ರಲ್ಲಿ ಇದೇ ಬ್ರೌಖಿಚ್ ಅದೇ ಆವುಸ್‌ನಲ್ಲಿ ಮೀನಿನಾಕಾರದ ಮೈ ಹೊದಿಸಿದ ಮರ್ಸಿಡೀಸನ್ನು ಓಡಿಸಿದಾಗ ರೇಡಿಯೋ ವಿವರಣೆಯಲ್ಲಿ 'ಬೆಳ್ಳಿ ಬಾಣ' ಎಂಬ ಮಾತು ಬಂದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿಯ ಕೆರೆತದ ಕಥೆ ಲೋಕಪ್ರಸಿದ್ಧವಾದದ್ದು ನೊಯ್ಬಾವರ್ 1958ರಲ್ಲಿ ತನ್ನ ಆತ್ಮಕಥೆ ಪ್ರಕಟಿಸಿದ ಮೇಲೆ. ಘಟನೆಗೂ ಗ್ರಂಥಕ್ಕೂ ನಡುವೆ 24 ವರ್ಷ, ಒಂದು ಮಹಾಯುದ್ಧ.

ಆತ ಸುಳ್ಳು ಹೇಳಿದ ಎಂದು ನಾನು ಹೇಳಲಾರೆ. ಬೇರೆ ಯಾವುದೋ ರಾತ್ರಿ, ಬೇರೆ ಯಾವುದೋ ಕಾರಿನ ಬಣ್ಣವನ್ನು ಕೆರೆದಿರಬಹುದು. ವಯಸ್ಸಾದ ಮೇಲೆ ನೆನಪುಗಳು ಒಂದರ ಮನೆಗೊಂದು ನೆಂಟರಂತೆ ಹೋಗಿ ಉಳಿದುಬಿಡುತ್ತವೆ. ಬಣ್ಣಕ್ಕೆ ತೂಕವಿದೆ ಎಂಬ ತಿರುಳು ಮಾತ್ರ ಸುಳ್ಳಲ್ಲ. ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ ದಶಕಗಳ ಕಾಲ, 2013ರವರೆಗೂ, ವಿಮಾನಗಳನ್ನು ಬಹುಮಟ್ಟಿಗೆ ಬಣ್ಣವಿಲ್ಲದೆ ಹೊಳೆಯುವ ಲೋಹದಲ್ಲೇ ಹಾರಿಸಿತು. ದೊಡ್ಡ ವಿಮಾನದ ಮೇಲೆ ಬಣ್ಣವೊಂದೇ ನೂರಾರು ಕೆ.ಜಿ. ತೂಗುತ್ತದೆ. ನಾನು ಇಲ್ಲಿ ಹೇಳಬಯಸುವುದು ಬೇರೆ. ಪುಸ್ತಕ ಹೇಳಿದ್ದನ್ನು ಪರೀಕ್ಷಿಸಲು ಅಂದಿನ ನಿಯಮಾವಳಿ, ಅಂದಿನ ಛಾಯಾಚಿತ್ರ ಇವುಗಳ ಜೊತೆಗೆ ಇನ್ನೊಂದು ಸಾಕ್ಷಿ ಇರಬಹುದಿತ್ತು: ಕಾರೇ. ಎಷ್ಟು ಚೆನ್ನಾಗಿ ಕೆರೆದರೂ ರಿವೆಟ್ಟಿನ ತಲೆಯ ಸುತ್ತ, ತಗಡು ಮಡಿಸಿದ ಸಂದಿಯಲ್ಲಿ, ಬಾನೆಟ್ಟಿನ ಒಳಗಿನ ಗಾಳಿಗಂಡಿಗಳಲ್ಲಿ ಬಿಳಿಯ ಒಂದೆರಡು ಕಣ ಉಳಿದೇ ಉಳಿಯುತ್ತದೆ. ಉಗುರಿನಷ್ಟು ಆ ಬಿಳುಪು ಇಡೀ ಆತ್ಮಕಥೆಗಿಂತ ದೊಡ್ಡ ಪ್ರಮಾಣ. ಅಂಥ ಕಾರುಗಳನ್ನು ಮುಂದೆ ಯಾರಾದರೂ 'ಚೆಂದ' ಮಾಡಲೆಂದು ಸಂದಿಸಂದಿಯನ್ನೂ ಉಜ್ಜಿ ಮತ್ತೆ ಬಣ್ಣ ಹೊಡೆದರೆ ಪ್ರಮಾಣ ಶಾಶ್ವತವಾಗಿ ಹೋಯಿತು, ಕಥೆ ಮಾತ್ರ ಉಳಿಯಿತು.

ಈ ವಿವೇಕ ಹಳೆಯ ಕಾರುಗಳ ಲೋಕಕ್ಕೆ ತಡವಾಗಿ ಬಂತು. ಬಹುಕಾಲ ಅಲ್ಲಿನ ಆದರ್ಶವೆಂದರೆ ಕಾರ್ಖಾನೆಯಿಂದ ಬಂದ ದಿನಕ್ಕಿಂತಲೂ ಹೆಚ್ಚು ಹೊಳೆಯುವ ಕಾರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಫ್ರೆಡ್ ಸಿಮಿಯೋನ್ ಎಂಬ ನರಶಸ್ತ್ರಚಿಕಿತ್ಸಕರಿದ್ದರು, 2022ರಲ್ಲಿ ತೀರಿಕೊಂಡರು. ಓಟದ ಕಾರುಗಳನ್ನು ಸಂಗ್ರಹಿಸಿ ವಸ್ತುಸಂಗ್ರಹಾಲಯ ಮಾಡಿದ ಅವರು, ಹಳೆಯ ಚಿತ್ರಪಟಕ್ಕೂ ಪೀಠೋಪಕರಣಕ್ಕೂ ಕೊಡುವ ಗೌರವವನ್ನು ಹಳೆಯ ಕಾರಿನ ಮೂಲ ಮೈಗೂ ಕೊಡಬೇಕೆಂದು ಪಟ್ಟುಹಿಡಿದು ವಾದಿಸಿದರು. ಅವರ ಸಂಗ್ರಹದ 1964ರ ಶೆಲ್ಬಿ ಕೋಬ್ರಾ ಡೇಟೋನಾ ಕಾರು 2014ರಲ್ಲಿ ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ಪಟ್ಟಿಯಲ್ಲಿ ಮೊದಲನೆಯದಾಗಿ ದಾಖಲಾಯಿತು. ಅದಕ್ಕೆ ಸ್ವಲ್ಪ ಮೊದಲು ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಟ್ಯೂರಿನ್ ಸನ್ನದು ಎಂಬ ದಾಖಲೆಯನ್ನು ಅಂಗೀಕರಿಸಿತು. ಕಟ್ಟಡಗಳ ಸಂರಕ್ಷಣೆಗೆ 1964ರ ವೆನಿಸ್ ಸನ್ನದು ಇದ್ದಂತೆ ವಾಹನಗಳಿಗೆ ಇದು: ಇದ್ದುದನ್ನು ಉಳಿಸುವುದು ಮೊದಲು, ಅನಿವಾರ್ಯವಾದರೆ ಮಾತ್ರ ಬದಲಾಯಿಸುವುದು, ಬದಲಾಯಿಸಿದ್ದನ್ನು ಬರೆದಿಡುವುದು.

ಇದರ ಅರ್ಥ ತುಕ್ಕು ಹಿಡಿದ ಕಾರನ್ನು ಮುಟ್ಟಬಾರದೆಂದಲ್ಲ. 1960ರ ದಶಕದಲ್ಲಿ ವಿದ್ಯುತ್ತಿನ ನೆರವಿನಿಂದ ಇಡೀ ಮೈಯನ್ನು ಪ್ರೈಮರಿನಲ್ಲಿ ಅದ್ದುವ ಕ್ರಮ ಹೊರದೇಶಗಳಲ್ಲಿ ಆರಂಭವಾಗುವವರೆಗೆ, ಕಾರುಗಳ ಟೊಳ್ಳು ಭಾಗಗಳಿಗೆ ರಕ್ಷಣೆ ಅಷ್ಟಕ್ಕಷ್ಟೇ. ಬಣ್ಣದಡಿಯಲ್ಲಿ ತುಕ್ಕು ತೆವಳುತ್ತಿದ್ದರೆ, ದಪ್ಪ ಪುಟ್ಟಿಯ ಕೆಳಗೆ ತಗಡೇ ಇಲ್ಲದಿದ್ದರೆ, ಕೆರೆಯದೆ ಗತ್ಯಂತರವಿಲ್ಲ. ನೋವಿರುವ ಕಡೆ ಶಸ್ತ್ರ ಹಾಕುವುದಕ್ಕೂ ಇಡೀ ಮೈಯ ಚರ್ಮ ಸುಲಿಯುವುದಕ್ಕೂ ವ್ಯತ್ಯಾಸವಿದೆ, ಅಷ್ಟೇ. ಗಟ್ಟಿಯಾಗಿ ಅಂಟಿಕೊಂಡಿರುವ ಕಾರ್ಖಾನೆಯ ಪ್ರೈಮರನ್ನು ಸುಮ್ಮನೆ ಕಿತ್ತು, ಅದಕ್ಕಿಂತ ಕಡಿಮೆ ದರ್ಜೆಯದನ್ನು ಬಳಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನನ್ನ ವಿದ್ಯಾರ್ಥಿಗೆ ನಾನು ಬರೆದದ್ದು ಇಷ್ಟು. ಮೊದಲು ಪ್ರತಿಯೊಂದು ತಗಡಿನಲ್ಲೂ ನಾಣ್ಯದಷ್ಟು ಜಾಗ ಉಜ್ಜಿ, ಬಳೆಗಳನ್ನು ಎಣಿಸಿ, ಹಗಲು ಬೆಳಕಿನಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆ. ಕಳಚಿದ ಬಣ್ಣದ ಚಕ್ಕೆಗಳಲ್ಲಿ ಎಲ್ಲ ಪದರಗಳೂ ಇರುವ ಒಂದೆರಡನ್ನು ಲಕೋಟೆಯಲ್ಲಿ ಹಾಕಿ, ಯಾವ ಭಾಗದ್ದೆಂದು ಬರೆದಿಡು. ಕೆಲಸದವರಿಗೆ ಕರವಸ್ತ್ರವಲ್ಲ, ಒಳ್ಳೆಯ ಮುಖಗವಸನ್ನು ನೀನೇ ಕೊಂಡುಕೊಡು. ಬಾಗಿಲು ಕಿಟಕಿ ತೆರೆಸು. ಸಣ್ಣ ಮಕ್ಕಳನ್ನು ಆ ಶೆಡ್ಡಿನ ಹತ್ತಿರ ಬಿಡಬೇಡ. ಕೊನೆಯದಾಗಿ, ಎಷ್ಟೇ ಕೆರೆಸಿದರೂ ಕೈಯಗಲದ ಒಂದು ತುಂಡು ಹಳೆಯ ಬಣ್ಣವನ್ನು ಹಾಗೆಯೇ ಉಳಿಸು. ಜಾಗ ಹುಡುಕುವುದು ಕಷ್ಟವಲ್ಲ: ಡ್ಯಾಶ್‌ಬೋರ್ಡಿನ ಹಿಂದೆ, ಬಾಗಿಲಿನ ಒಳಹೊದಿಕೆಯ ಕೆಳಗೆ, ಹಿಂದಿನ ಸೀಟನ್ನು ಎತ್ತಿದರೆ ಕಾಣುವ ತಗಡಿನ ಮೇಲೆ. ಆ ಕಡೆಗಳಿಗೆ ಬಿಸಿಲು ತಾಗಿರುವುದಿಲ್ಲ. ಕಾರ್ಖಾನೆಯಲ್ಲಿ ಹೊಡೆದ ಬಣ್ಣದ ನಿಜವಾದ ಛಾಯೆ ಉಳಿದಿದ್ದರೆ ಅಲ್ಲಿಯೇ ಉಳಿದಿರುತ್ತದೆ.